ಗೋಂದು ಹಚ್ಚಿದ ಎಳೆಗಳು

ನನಗೆ ಚಿತ್ರ ಕಲಿಸಿದ ಗುರುಗಳಿಲ್ಲ. ಬೆಟಗೇರಿಯ ನಮ್ಮ ಮನೆಯ ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡು, ಗೋಡೆಯಿಂದ ಕಿತ್ತ ಬಂದ್ ಪೋಸ್ಟರು, ಒಂದಿಷ್ಟು ಗೋಂದು, ಇವೇ ನನ್ನ ಸಾಮಾನು. ಕಸ ಅಂಟಿಸುವುದಕ್ಕೂ ಕಲೆ ಎನ್ನುತ್ತಾರೇನು ಎಂದು ಅಪ್ಪ ಕೇಳುತ್ತಿದ್ದ. ನಾನೂ ಅವನ ಮಗನೇ ತಾನೇ, ಹಟ ಬಿಡಲಿಲ್ಲ.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಹಿಡಿದು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಎದುರುಮನೆಯ ಚಾಚಿಯಷ್ಟು ಚೆಂದ ಕೆಚ್ಚುವವರು ಓಣಿಯಲ್ಲೇ ಇರಲಿಲ್ಲ. ಅವಳ ಗಂಡನಿಗೆ ಪೇಟೆಯಲ್ಲಿ ಬಳೆ ಅಂಗಡಿ. ಊಟವಾದ ಮೇಲೆ ಅವಳು ನಮ್ಮ ಮನೆಗೆ ಬಂದು ಕೂತಳೆಂದರೆ ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಯಾವ ಬಣ್ಣದ ಪಕ್ಕ ಯಾವುದು ಒಪ್ಪುತ್ತದೆಂದು ನಾನು ತಿಳಿದದ್ದು ಅವಳ ಪಕ್ಕ ಕೂತೇ.

ಗದಗ ಜಿಲ್ಲೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಪೇಟೆಯಲ್ಲಿ ಹಿಂದೂ-ಮುಸ್ಲಿಂ ಗಲಾಟೆ ಎದ್ದಿತು. ಬಳೆ ಅಂಗಡಿಗೆ ಬೆಂಕಿ ಬಿತ್ತು. ಚಾಚಿ ಓಡಿಬಂದು ನಮ್ಮ ಬಾಗಿಲು ಬಡಿದಳು. ಅಪ್ಪ ಸುಮ್ಮನಿರೆಂದು ಕೈ ಸನ್ನೆ ಮಾಡಿದ. ಅಗುಳಿಯ ಹತ್ತಿರ ನಿಂತಿದ್ದವನು ನಾನು, ಮೀಸೆ ಬಂದ ಗಂಡಸು. ತೆಗೆಯಲಿಲ್ಲ. ಆ ವಾರವೇ ಅವರು ಲಕ್ಷ್ಮೇಶ್ವರಕ್ಕೆ ಹೊರಟುಹೋದರು.

ಆಮೇಲೆ ನಾನು ಏನು ಅಂಟಿಸಿದರೂ ಅದು ಆ ಮಧ್ಯಾಹ್ನವೇ ಆಗುತ್ತಿತ್ತು. ಕೊನೆಗೆ ಅಂಗಡಿಯ ಸುಟ್ಟ ಹಲಗೆಯನ್ನೇ ತಂದು, ಮೇಲೆ ಪೋಸ್ಟರಿನ ಚೂರು ಹಚ್ಚಿ, ಎರಡೂ ಬದಿಯಿಂದ ಕೆಂಪು ಹಸಿರು ಎಳೆಗಳನ್ನು ತಂದು ನಡುವೆ ಗೋಂದಿನಿಂದ ಕೂಡಿಸಿದೆ. ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅವಳು ಕ್ಷಮಿಸಬೇಕು, ಮತ್ತೆ ನಮ್ಮ ಮನೆಗೆ ಬರಬೇಕು. ನನ್ನ ಆಸೆ ಇಷ್ಟೇ.

ಚಾಚಿ ಹಲಗೆಯ ಮೇಲೆ ಕೈಯಾಡಿಸಿದಳು. ಗುರುತು ಸಿಕ್ಕಿತೆಂದು ಕಾಣುತ್ತದೆ, ಸುಟ್ಟ ಅಂಚನ್ನು ಮತ್ತೆ ಮತ್ತೆ ಸವರಿದಳು. ಆಮೇಲೆ ಎಳೆಗಳನ್ನು ನೋಡಿ ನಕ್ಕಳು.

"ನೇಕಾರ ಮನ್ಯಾಗ ಹುಟ್ಟಿ ಎಳಿಗೆ ಗೋಂದು ಹಚ್ಚೀಯಲ್ಲೋ ತಮ್ಮಾ."

ಗೋಂದು ಬಿಡಿಸಿದಳು. ಮಸಿಯಾದ ಅದೇ ಬೆರಳುಗಳಿಂದ ಒಂದೊಂದೇ ಎಳೆ ಕೆಚ್ಚತೊಡಗಿದಳು. ಅರ್ಧ ಆಗುವಷ್ಟರಲ್ಲಿ ನಿಲ್ಲಿಸಿ, ಹಲಗೆಯನ್ನು ನನ್ನ ಕಡೆ ಸರಿಸಿದಳು. ಉಳಿದವನ್ನೂ ಮುಗಿಸೆಂದು ಬೇಡಿಕೊಂಡೆ. ಅವತ್ತಿನ ಮಾತನ್ನೂ ಆಡಿಬಿಟ್ಟೆ, ಅಗುಳಿಯ ಹತ್ತಿರ ನಾನೇ ಇದ್ದೆ ಎಂದೆ.

"ಗೊತ್ತೈತಿ. ಬಾಗಲದ ಕೆಳಗಿನ ಸಂದಿಯಾಗ ನಿನ್ನ ಕಾಲು ಕಾಣತಿದ್ವು" ಎಂದಳು. "ಉಳದದ್ದು ನಿಮ್ಮ ಮನ್ಯಾಗ ಕುಂತು ಕೆಚ್ಚತೇನಿ. ಮನಸ್ಸು ಬಂದಾಗ ಬರತೇನಿ."

ಅದಾಗಿ ವರ್ಷಗಳಾದವು. ಚಿತ್ರ ಕೊಳ್ಳಲು ಬಂದವರಿಗೆ ಅದಿನ್ನೂ ಮುಗಿದಿಲ್ಲ ಎನ್ನುತ್ತೇನೆ. ಊಟವಾದ ಮೇಲೆ ಬಾಗಿಲು ತೆರೆದಿಟ್ಟು, ಒಲೆಯ ಬೂದಿ ಒಂದು ಹಿಡಿ ತಟ್ಟೆಯಲ್ಲಿ ಹಾಕಿ ಮಗ್ಗದ ಪಕ್ಕ ಇಡುತ್ತೇನೆ.