ತೊಂಬತ್ತೈದು ತೆಗೆದ ಪೆಟ್ರೋಲ್

ಒಳ್ಳೆಯ ಆಹಾರ ಕೊಟ್ಟರೆ ಎಂಥ ದುರ್ಬಲನೂ ಚೇತರಿಸಿಕೊಳ್ಳುತ್ತಾನೆ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರ ಬಳಿ ಸ್ಕೂಟರ್ ಇರಲಿಲ್ಲ.

ನಮ್ಮ ಎದುರುಮನೆಯ ರಂಗಪ್ಪ ಮೇಷ್ಟ್ರ ಬಳಿ ಇದೆ. ಹದಿನಾರು ವರ್ಷದ್ದು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪ್ರತಿ ಸಂಜೆ ಹೆಂಡತಿ ಕಮಲಮ್ಮನವರನ್ನು ಹಿಂದೆ ಕೂರಿಸಿಕೊಂಡು ಬಸವೇಶ್ವರನಗರದಲ್ಲಿ ಒಂದು ಸುತ್ತು ಹೊಡೆದು ಸೊಪ್ಪು ತರುತ್ತಾರೆ. (ಮನೆಯೊಳಗೆ ಇಬ್ಬರಿಗೂ ಮಾತು ಕಡಿಮೆ. ಸಂಸಾರದ ವಿಷಯವೆಲ್ಲ ಇತ್ಯರ್ಥವಾಗುವುದು ಸ್ಕೂಟರಿನ ಮೇಲೆಯೇ.)

ಈಚೆಗೆ ಆ ಸ್ಕೂಟರ್ ನಮ್ಮ ರಸ್ತೆಯ ಏರು ಹತ್ತುವುದನ್ನು ಬಿಟ್ಟಿತು. ಅರ್ಧಕ್ಕೆ ಬಂದು ಏದುಸಿರು ಬಿಡುತ್ತದೆ. ಕಮಲಮ್ಮ ಇಳಿಯುತ್ತಾರೆ. ಮುಂದೆ ಮೇಷ್ಟ್ರು, ಹಿಂದೆ ಚೀಲ ಹಿಡಿದ ಕಮಲಮ್ಮ. ಈ ಮೆರವಣಿಗೆಗೆ ಇಡೀ ಬೀದಿ ಸಾಕ್ಷಿ.

"ಇನ್ನೊಂದ್ ಸಲ ಇಳೀಬೇಕಾಯ್ತೋ, ಮತ್ತೆ ನಾನು ಹತ್ತೋದೇ ಇಲ್ಲ. ಮಂಡಿ ನೋವು ನಂಗೆ, ನಗು ಬೀದಿಯೋರಿಗೆ," ಎಂದು ಕಮಲಮ್ಮ ಗೇಟಿನಲ್ಲೇ ತೀರ್ಪು ಕೊಟ್ಟರು.

ಮೇಷ್ಟ್ರು ಕಂಗಾಲಾಗಿ ನನ್ನ ಸಲಹೆ ಕೇಳಿದರು. ಅಂಕಣ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆಂದು ಅವರ ನಂಬಿಕೆ. ನನಗೂ ಅದೇ ನಂಬಿಕೆ. "ಪ್ರೀಮಿಯಂ ಪೆಟ್ರೋಲ್ ಹಾಕ್ಸಿ ನೋಡಿ," ಎಂದೆ.

ಇಬ್ಬರೂ ಬಂಕಿಗೆ ಹೋದೆವು. ಮಾಮೂಲಿ ಪೆಟ್ರೋಲಿನ ಆಕ್ಟೇನ್ ತೊಂಬತ್ತೊಂದು, ಪ್ರೀಮಿಯಂನದು ತೊಂಬತ್ತೈದು ಎಂದು ತಿಳಿಯಿತು. ಮೇಷ್ಟ್ರ ಮುಖ ಅರಳಿತು.

"ತೊಂಬತ್ತೊಂದು ತೆಗೆದೋನಿಗಿಂತ ತೊಂಬತ್ತೈದು ತೆಗೆದೋನು ಜಾಣ ತಾನೇ?"

ಅಲ್ಲವೆನ್ನಲು ಯಾರಿಗೆ ಧೈರ್ಯ? ಆ ನಾಲ್ಕು ಮಾರ್ಕ್ಸಿಗಾಗಿ ಮಕ್ಕಳನ್ನು ಎರಡೆರಡು ಟ್ಯೂಷನ್ನಿಗೆ ಅಟ್ಟಿದವರಲ್ಲವೇ ನಾವು? ಫುಲ್ ಟ್ಯಾಂಕ್ ಹಾಕಿಸಿದೆವು.

ಏರಿನ ಅರ್ಧಕ್ಕೆ ಸ್ಕೂಟರ್ ನಿಂತಿತು. ಪುಣ್ಯಕ್ಕೆ ಹಿಂದೆ ಕೂತಿದ್ದವನು ನಾನು. ಇಳಿದು ನಡೆದೆ.

ಅಲ್ಲಿಂದ ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಮುನಿರಾಜು ಬಳಿಗೆ. ಮೇಷ್ಟ್ರು ತೊಂಬತ್ತೈದರ ಮಹಿಮೆ ವಿವರಿಸಿದರು. ಆತ ಪೂರ್ತಿ ಕೇಳಿಸಿಕೊಂಡ.

"ಸಾರ್, ಆಕ್ಟೇನ್ ಅಂದ್ರೆ ಮಾರ್ಕ್ಸ್ ಅಲ್ಲ, ತಾಳ್ಮೆ. ಇಂಜಿನ್ ಒಳಗೆ ಅದುಮಿದಾಗ ಕಿಡಿ ಬರೋಕ್ ಮುಂಚೇನೇ ಪೆಟ್ರೋಲ್ ಹತ್ಕೋಬಾರ್ದು, ಅಷ್ಟೇ. ಜೋರಾಗಿ ಅದುಮೋ ದೊಡ್ಡ ಬೈಕಿಗೆ ಅದು ಬೇಕು. ನಿಮ್ ಗಾಡಿ ಪಾಪ, ಅಷ್ಟೆಲ್ಲ ಅದುಮೋದೇ ಇಲ್ಲ. ಯಾವ್ದು ಹಾಕ್ಬೇಕು ಅಂತ ಗಾಡಿ ಜೊತೆ ಕೊಟ್ಟಿರೋ ಬುಕ್ಕಲ್ಲೇ ಬರ್ದಿರ್ತಾರೆ. ಬುಕ್ ಓದಿಲ್ವಾ?"

ಜೀವನವಿಡೀ ಈ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿದವರು ಮೇಷ್ಟ್ರು. ಬುಕ್ಕು ಸೀಟಿನಡಿಯಲ್ಲೇ ಇತ್ತು. ಹದಿನಾರು ಆಯುಧಪೂಜೆಗಳ ಕುಂಕುಮ ಅದರ ಪ್ಲಾಸ್ಟಿಕ್ ಕವರಿನ ಮೇಲಿತ್ತು. ಕವರನ್ನು ಮಾತ್ರ ಯಾರೂ ಒಡೆದಿರಲಿಲ್ಲ.

ಮುನಿರಾಜು ಏರ್ ಫಿಲ್ಟರ್ ಬಿಚ್ಚಿ ಕುಟ್ಟಿದ. ಬಸವೇಶ್ವರನಗರದ ಅರ್ಧ ಧೂಳು ಉದುರಿತು.

"ಬೆಲ್ಟೂ ಸವೆದೋಗಿದೆ. ಮೂಗು ಕಟ್ಕೊಂಡಿರೋನಿಗೆ ಬಾದಾಮಿ ಹಲ್ವ ತಿನ್ನಿಸ್ತಾ ಇದೀರಲ್ಲ ಸಾರ್!"

ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ.

"ಕ್ಲಾಸಲ್ಲೂ ಹಿಂಗೇ ಮಾಡ್ತಿದ್ದೆ ಕಣ್ರೀ," ಎಂದರು. "ಹುಡುಗ ಎಲ್ಲಿ ನಿಂತಿದಾನೆ ಅಂತ ನೋಡ್ತಿರ್ಲಿಲ್ಲ. ಇನ್ನೂ ಹತ್ತು ಲೆಕ್ಕ ಜಾಸ್ತಿ ಕೊಡ್ತಿದ್ದೆ."

ಪ್ರೀತಿ ಇರುವ ಕಡೆ ನಾವು ದುಬಾರಿಯದ್ದನ್ನೇ ತಂದು ಸುರಿಯುತ್ತೇವೆ. ಏನು ಬೇಕು ಎಂದು ಕೇಳುವುದು ಅದಕ್ಕಿಂತ ಅಗ್ಗ; ಅದಕ್ಕೇ ಇರಬೇಕು, ಕೇಳುವುದಿಲ್ಲ. (ಪ್ರೀಮಿಯಂ ಸಲಹೆ ಯಾರದ್ದೆಂಬ ವಿಷಯವನ್ನು ಮೇಷ್ಟ್ರು ಎತ್ತಲೇ ಇಲ್ಲ. ದೊಡ್ಡ ಮನುಷ್ಯರು.)

ಫಿಲ್ಟರ್, ಬೆಲ್ಟ್ ಎರಡೂ ಹೊಸದಾದವು. ಮರುದಿನ ಸಂಜೆ ಸೊಪ್ಪು ತೆಗೆದುಕೊಂಡು ಹಿಂದಿರುಗುವಾಗ, ಏರಿನ ನಡುವೆ ಕಮಲಮ್ಮನ ದನಿ ನನ್ನ ಗೇಟಿಗೂ ಕೇಳಿಸಿತು.

"ಇಳೀಲೇನ್ರೀ?"

"ಸುಮ್ನೆ ಕೂತ್ಕೊಳೇ."

ಸ್ಕೂಟರ್ ಇಬ್ಬರನ್ನೂ ಹೊತ್ತು ಏರು ಹತ್ತಿತು.