ಮೊಳ ದೂರಕ್ಕೆ ಮೂರು ದಿನ

ಎಂಟನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಬಲ್ಲವರು ಏನೇ ಹೇಳಿದರೂ ತಾನು ಮುಟ್ಟಿ ನೋಡದೆ ನಂಬುವುದಿಲ್ಲ. ಇದರಿಂದ ನಾನು ಹಲವರ ಸ್ನೇಹ ಕಳೆದುಕೊಂಡಿದ್ದೇನೆ. ಹಸನಬ್ಬನನ್ನು ಕಳೆದುಕೊಂಡದ್ದು ಮಾತ್ರ, ಒಮ್ಮೆ ಮುಟ್ಟಿ ನೋಡದೆ ನಂಬಿದ್ದರಿಂದ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ಶಾಲೆ ನಡೆಸುತ್ತಿದ್ದ ಸಂಸ್ಥೆಯೊಂದರ ಇಮೇಲ್ ವ್ಯವಸ್ಥೆ, ಕೈಪಿಡಿ ಓದಿಯೇ ಕಂಪ್ಯೂಟರ್ ಕಲಿತ ನನ್ನ ಪಾಲಿಗೆ ಬಂದಿತ್ತು. ಮೂಡಬಿದಿರೆಯ ಕೋಣೆಯೊಂದರಲ್ಲಿ ಊರಿಗೊಂದರಂತೆ ಮೂರು ಸರ್ವರ್‌ಗಳು. ಪತ್ರಗಳನ್ನು ಇಡುವ ಡಿಸ್ಕು ಮಾತ್ರ ಮೂರಕ್ಕೂ ಒಂದೇ. ಆಯಾ ಊರಿನವರ ಪತ್ರ ಆಯಾ ಸರ್ವರಿನ ಹೊಣೆ. ಎಲ್ಲವೂ ನೆಟ್ಟಗೆ ನಡೆದಿತ್ತು.

ಹಸನಬ್ಬ ಬಂಟ್ವಾಳದ ಶಾಲೆಯ ಗುಮಾಸ್ತ, ನನ್ನ ಹಳೆಯ ಗೆಳೆಯ. ಮೂರರಲ್ಲಿ ಮೂಡಬಿದಿರೆಯವರ ಪಾಲಿನ ಸರ್ವರ್ ಮಾತ್ರ ಹೊಸತೆಂದು ತಿಳಿದ ದಿನವೇ ಬಸ್ಸು ಹತ್ತಿ ಬಂದ.

"ಎಂತದು ಶೆಟ್ರೇ, ನಿಮಗೆ ಹೊಸ ಜೀಪು, ಬಂಟ್ವಾಳದವರಿಗೆ ಮುದಿ ಎತ್ತಾ?"

"ನಿಮ್ಮ ಕಾಗದಕ್ಕೆ ಎತ್ತೇ ಧಾರಾಳ ಮಾರಾಯ್ರೆ."

ಇಬ್ಬರೂ ನಕ್ಕೆವು. ಆದರೂ ಮಾತು ಒಳಗೆ ಚುಚ್ಚಿತು. ಸರ್ವರ್ ಜೋಡಿಸಿಕೊಟ್ಟ ಇಂಜಿನಿಯರನ್ನು ಕೇಳಿದಾಗ, "ಸರದಿ ಹಾಕಿ ಸರ್, ಯಾರ ಪತ್ರವನ್ನು ಯಾವ ಸರ್ವರ್ ಬೇಕಾದರೂ ನೋಡಿಕೊಳ್ತದೆ. ಕೆಲಸ ಮೂರು ಪಟ್ಟು ಬೇಗ" ಎಂದ. ನ್ಯಾಯವೂ ವೇಗವೂ ಒಟ್ಟಿಗೆ ಸಿಗುವುದೆಂದರೆ ಯಾರಿಗೆ ಬೇಡ? ನನ್ನ ಸಂಶಯ ಅಂದು ರಜೆ ಹಾಕಿತು.

ಸರದಿ ಹಾಕಿದ ಮೇಲೆ ಪತ್ರಗಳು ತೆವಳತೊಡಗಿದವು. "ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು ಶೆಟ್ರೇ" ಎಂದು ಹಸನಬ್ಬ ಎಲ್ಲರೆದುರು ಅಂದ. "ಕೇಳಿದ್ದು ನೀವೇ ಅಲ್ವಾ?" ಎಂದೆ. ಅಲ್ಲಿಗೆ ನಮ್ಮಿಬ್ಬರ ಮಾತುಕತೆಯೇ ನಿಂತಿತು. ಸರದಿ ತಪ್ಪೆಂಬ ಅನುಮಾನ ನನಗೂ ಬಂದಿತ್ತು. ಆದರೆ ತೆಗೆದರೆ ಅವನು ಗೆದ್ದಂತೆ, ತೆಗೆಯಲಿಲ್ಲ. ನಿವೃತ್ತನಾಗಿ, ಸೌದಿಯ ದಮ್ಮಾಮಿನಲ್ಲಿದ್ದ ಮಗಳ ಮನೆಗೆ ಹೊರಟಾಗಲೂ ಅವನು ಹೇಳಿ ಹೋಗಲಿಲ್ಲ.

ಒಂದು ಬುಧವಾರ ಅವನ ಪತ್ರ ಬಂತು. "ಸೋಮವಾರ ಹೃದಯದ ಆಪರೇಶನ್ ಉಂಟು. ಅದಕ್ಕೆ ಮೊದಲು ಒಂದು ಫೋನ್ ಮಾಡಿ ಶೆಟ್ರೇ. ಬೈಯಲಿಕ್ಕಾದರೂ ಸರಿ." ಬರೆದದ್ದು ಆದಿತ್ಯವಾರ. ಮಂಗಳವಾರ ಅವನು ತೀರಿಕೊಂಡಿದ್ದ.

"ಹೊರದೇಶದ ಪತ್ರ ಅಲ್ವಾ, ದಾರಿಯಲ್ಲಿ ತಡವಾಗಿರ್ತದೆ" ಎಂದು ಇಂಜಿನಿಯರ್ ಸಮಾಧಾನ ಹೇಳಿದ. ಎಲ್ಲರೂ ಒಪ್ಪಿದರು. ನಾನು ಒಪ್ಪಲಿಲ್ಲ. ಪ್ರತಿ ಇಮೇಲಿನ ತಲೆಯಲ್ಲೂ ಅದು ಹಾದುಬಂದ ಯಂತ್ರಗಳ ಹೊತ್ತು, ಅಂಚೆಯ ಮುದ್ರೆಗಳಂತೆ ಒತ್ತಿರುತ್ತದೆ. ಓದಿದೆ. ಕಡಲು ದಾಟಿ ನಮ್ಮ ಕೋಣೆಗೆ ಬರಲು ಪತ್ರಕ್ಕೆ ಕೆಲವೇ ಕ್ಷಣ ಹಿಡಿದಿತ್ತು. ಅಲ್ಲಿಂದ ಒಂದು ಮೊಳ ಆಚೆಗಿದ್ದ ಡಿಸ್ಕನ್ನು ತಲುಪಲು ಮೂರು ದಿನ.

ಪೊಳಲಿಯ ನನ್ನ ಅಜ್ಜಿಮನೆಯಲ್ಲಿ ಮೂರು ಒಲೆಗಳಿಗೆ ಒಂದೇ ಅಕ್ಕಿ ಕೋಣೆ, ಒಂದೇ ಕೀಲಿಕೈ. ಒಬ್ಬ ಅತ್ತೆ ಅಕ್ಕಿ ಅಳೆದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಗದ್ದೆಗೆ ಹೋದರೆ, ಇನ್ನೊಬ್ಬರು ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಕೋಣೆ ತುಂಬ ಅಕ್ಕಿಯಿದ್ದೂ ನಾವು ಮಕ್ಕಳು ಹಸಿದು ಕೂತಿರುತ್ತಿದ್ದೆವು. ನಮ್ಮ ಸರ್ವರ್‌ಗಳ ಪಾಡೂ ಅದೇ. ಒಬ್ಬೊಬ್ಬರ ಅಂಚೆಪೆಟ್ಟಿಗೆಗೂ ಒಂದೊಂದೇ ಕೀಲಿಕೈ. ಮೊದಲು ಅದು ಒಂದೇ ಸರ್ವರಿನ ಬಳಿ ಇರುತ್ತಿತ್ತು. ಸರದಿ ಬಂದ ಮೇಲೆ ಪತ್ರ ಇಡುವುದು ಒಂದು ಸರ್ವರ್, ತೆರೆಯುವುದು ಇನ್ನೊಂದು, ಅಳಿಸುವುದು ಮತ್ತೊಂದು. ಡಿಸ್ಕು ಸುಮ್ಮನಿತ್ತು. ಯಂತ್ರಗಳು ದಿನವಿಡೀ ಒಂದರ ಬಳಿ ಒಂದು ಕೀಲಿಕೈ ಕೇಳುತ್ತಿದ್ದವು. ಹೊರಗೆ ಪತ್ರಗಳ ಸಾಲು ಬೆಳೆಯುತ್ತಿತ್ತು.

ಸರದಿ ತೆಗೆದೆ. ಮಧ್ಯಾಹ್ನದೊಳಗೆ ಸಾಲು ಕರಗಿತು. ಅಷ್ಟು ಸುಲಭವಿತ್ತು.

ಹಸನಬ್ಬನ ಹೆಂಡತಿ ಬೀಫಾತಿಮ ಬಂಟ್ವಾಳಕ್ಕೆ ಮರಳಿದ ಮೇಲೆ ಹೋಗಿ ಎಲ್ಲವನ್ನೂ ಹೇಳಿದೆ. ಸರ್ವರಿನ ಕಥೆ ಅವರಿಗೆ ಬೇಕಿರಲಿಲ್ಲ.

"ಫೋನನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡಿದ್ದರು" ಎಂದರು. "ಒಳಗೆ ಕರೆದುಕೊಂಡು ಹೋಗುವಾಗ, ಶೆಟ್ರ ಕೋಪ ಇನ್ನೂ ಇಳೀಲಿಲ್ಲ ಅಂತ ಹೇಳಿ ನಗಾಡಿದರು."

ಆ ನಗು ಎಂಥದಿತ್ತೆಂದು ಕೇಳುವ ಧೈರ್ಯ, ಎಲ್ಲವನ್ನೂ ಪ್ರಶ್ನಿಸುವ ನನಗೆ ಬರಲಿಲ್ಲ.

ಅವನ ಅಂಚೆಪೆಟ್ಟಿಗೆಯನ್ನು ನಾನು ಅಳಿಸಿಲ್ಲ. ಅವನು ಕೇಳಿದ ಹೊಸ ಜೀಪಿಗೇ, ಮೂಡಬಿದಿರೆಯ ಸರ್ವರಿಗೇ, ಹತ್ತಿಸಿದ್ದೇನೆ. ಒಮ್ಮೊಮ್ಮೆ ತೆರೆದು ನೋಡುತ್ತೇನೆ. ರೆಪ್ಪೆ ಬಡಿಯುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಅದರ ಕೀಲಿಕೈಯನ್ನು ಈಗ ಬೇರೆ ಯಾರೂ ಕೇಳುವುದಿಲ್ಲ.