ಮೊದಲ ಆರು ಚೆಂಡು

ಹೋದ ತಿಂಗಳು ಭಾಲ್ಕಿಯ ಹಳೆಯ ಗೆಳೆಯನೊಬ್ಬ ಫೋನ್ ಮಾಡಿದ. ನಾವಿಬ್ಬರೂ ಆಡುತ್ತಿದ್ದ ಕಾಲದಲ್ಲಿ ಅವನು ಭಾಲ್ಕಿ ತಂಡದ ವಿಕೆಟ್ ಕೀಪರ್, ನಾನು ಬೀದರ್ ತಂಡದ ಓಪನರ್. ನನ್ನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು, "ಇವತ್ತೇನಾರ ಹೊಡಿತೀರೋ, ಇಲ್ಲಾ ನಾ ಮನಿಗಿ ಹೋಗಿ ಒಂದ್ ನಿದ್ದಿ ಮಾಡ್ಕೊಂಡ್ ಬರ್ಲ್ಯೊ?" ಎಂದು ಇಡೀ ದಿನ ಕಾಡಿಸುತ್ತಿದ್ದವನು.

"ಆರು ಓವರಿನ ಟೂರ್ನಮೆಂಟ್ ಇಟ್ಟೇವ್ರಿ. ನೀವು ಚೀಫ್ ಗೆಸ್ಟ್ ಆಗಿ ಬರಬೇಕು," ಎಂದ.

"ಆರು ಓವರಿಗಿ ಗೆಸ್ಟ್ ಯಾಕ ಬೇಕ್ರಿ? ನನಗ ಹಾರ ಹಾಕೋದ್ರೊಳಗ ಮ್ಯಾಚ್ ಮುಗದಿರ್ತದ," ಎಂದೆ.

ಅವನು ನಕ್ಕ. "ನಿಮ್ಮ ತಂಗಿ ಮಗಳ ಸೆಲೆಕ್ಷನ್ನಿನ ಸಿಟ್ಟು ನಿಮಗ ಇನ್ನಾ ಇಳ್ದಿಲ್ಲೇನ್ರಿ?" ಎಂದು ಕೇಳಿದ.

ಇಳಿದಿಲ್ಲ. ಇಳಿಯುವ ಸಿಟ್ಟೂ ಅಲ್ಲ ಅದು. ಇಪ್ಪತ್ತು ಓವರ್ ಎಂದರು, ಸುಮ್ಮನಿದ್ದೆ. ಹತ್ತು ಎಂದರು, ಹಲ್ಲು ಕಚ್ಚಿದೆ. ಈಗ ಆರು. ಹನ್ನೊಂದು ಜನ ಬಿಳಿ ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಬರುತ್ತಾರೆ, ಬ್ಯಾಟು ಹಿಡಿಯುವವರು ಮೂವರೋ ನಾಲ್ವರೋ. ಉಳಿದವರು ಬಿಸಿಲಲ್ಲಿ ನಿಂತು ಚೆಂಡು ಹೆಕ್ಕಿ ಕೊಟ್ಟು ಮನೆಗೆ ಹೋಗುತ್ತಾರೆ. ಇದನ್ನು ಆಟ ಎನ್ನಬೇಕಂತೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಟೈಮ್ ಎಲ್ಲದರಿ?" ಬೀದರಿನ ನಮ್ಮ ಮೈಲೂರು ಬಡಾವಣೆಯ ಹೋಟೆಲಿನಲ್ಲಿ ಒಂದು ಕಪ್ ಚಹಾ ಮುಂದಿಟ್ಟುಕೊಂಡು ಎರಡು ತಾಸು ಕೂಡುವವರಿಗೂ ಟೈಮ್ ಇಲ್ಲ. ಪ್ರತಿ ಬಸ್ಸಿನ ಹಿಂದೆಯೂ "ಅವಸರವೇ ಅಪಘಾತಕ್ಕೆ ಕಾರಣ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಓದಿಕೊಂಡೇ ಮೈದಾನಕ್ಕೆ ಬರುವ ಜನ ಇವರು.

ನಾವು ಆಡಿದ್ದು ಮ್ಯಾಟಿನ ಮೇಲೆ. ಬೀದರ್-ಭಾಲ್ಕಿ ಪಂದ್ಯವೆಂದರೆ ಬೆಳಿಗ್ಗೆ ಶುರುವಾದರೆ ಚೆಂಡು ಕಾಣದಂತಾಗುವವರೆಗೆ. ಎರಡೂ ತಂಡಕ್ಕೆ ಎರಡೆರಡು ಇನ್ನಿಂಗ್ಸ್. ನಡುವೆ ಊಟ, ಅದೂ ಎರಡೂ ತಂಡ ಒಂದೇ ಸಾಲಿನಲ್ಲಿ ಕುಳಿತು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಬೆಳಿಗ್ಗೆ ಸೊನ್ನೆಗೆ ಔಟಾದವನು ಆ ಊಟದಲ್ಲಿ ತಲೆ ಎತ್ತುತ್ತಿರಲಿಲ್ಲ. ಆದರೆ ರೊಟ್ಟಿ ಮಾತ್ರ ಎರಡು ಹೆಚ್ಚೇ ತಿನ್ನುತ್ತಿದ್ದ, ಯಾಕೆಂದರೆ ಅವನಿಗೆ ಮಧ್ಯಾಹ್ನ ಇನ್ನೂ ಬಾಕಿ ಇತ್ತು.

ಮ್ಯಾಟ್ ಎಂದರೆ ತೆಂಗಿನ ನಾರಿನ ಉದ್ದನೆಯ ಹಾಸು. ಕರಿ ಮಣ್ಣಿನ ಮೇಲೆ ಅದನ್ನು ಬಿಡಿಸಿ, ನಾಲ್ಕು ಜನ ಹಿಡಿದು ಎಳೆದು, ಸುತ್ತಲೂ ಮೊಳೆ ಹೊಡೆಯಬೇಕು. ನಮ್ಮ ತಂಡಕ್ಕೆ ಮ್ಯಾಟ್ ಹಾಸಿಕೊಡುತ್ತಿದ್ದ ಒಬ್ಬ ಮುದುಕರಿದ್ದರು. ಮೊಳೆ ಹೊಡೆದು ಮುಗಿಸಿ ಸುತ್ತಿಗೆ ಕೆಳಗಿಟ್ಟ ಮೇಲೆ ಓಪನರ್‌ಗಳಿಬ್ಬರನ್ನೂ ಕರೆದು ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು: "ನಿನ್ನಿ ಮ್ಯಾಟ್ ಬ್ಯಾರೆ, ಇವತ್ತಿಂದು ಬ್ಯಾರೆ. ಮದಲ್ ಆರು ಬಾಲ್ ಅದರ ಮಾತು ಕೇಳ್ರಿ. ಆಮ್ಯಾಗ ನೀವು ಮಾತಾಡ್ರಿ."

ಅದು ಬರೀ ಮಾತಲ್ಲ. ಇಬ್ಬನಿ ಬಿದ್ದ ಬೆಳಿಗ್ಗೆ ಮಣ್ಣು ಮೆತ್ತಗಿರುತ್ತದೆ, ಚೆಂಡು ಪುಟಿಯದೆ ಕೂತುಬಿಡುತ್ತದೆ. ಬಿಸಿಲೇರಿ ಮಣ್ಣು ಬಿರಿಯಿತೋ, ಅದೇ ಚೆಂಡು ಗಲ್ಲಕ್ಕೆ ಬರುತ್ತದೆ. ಒಂದು ಮೊಳೆ ಸಡಿಲಾಗಿದ್ದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಬೀದರ್ ಕಡೆಯ ಓಪನರ್ ಎಂದರೆ ಮೊದಲ ಓವರಿನಲ್ಲಿ ಹೊಡೆಯದವನು ಎಂದೇ ಅರ್ಥ. ಯಾವನಾದರೂ ಹೊಡೆದರೆ, ಚೆಂಡು ಬೌಂಡರಿಗೆ ಹೋದರೂ, ಅವನ ತಂಡದವರೇ ಬೈಯುತ್ತಿದ್ದರು. ಆ ಆರು ಚೆಂಡು ನಮಗೆ ದೇವರಿಗೆ ಎತ್ತಿಟ್ಟ ನೈವೇದ್ಯ ಇದ್ದ ಹಾಗೆ, ಯಾರೂ ಮುಟ್ಟುತ್ತಿರಲಿಲ್ಲ.

ತಂಡ ಮುಚ್ಚಿತು. ಮೈದಾನಕ್ಕೆ ಸಿಮೆಂಟ್ ಪಿಚ್ ಬಂತು. ಮ್ಯಾಟ್ ಒಂದು ಕೋಣೆಯ ಮೂಲೆಯಲ್ಲಿ ಬಿದ್ದಿತ್ತು, ಯಾರಿಗೂ ಬೇಡವಾಗಿತ್ತು. ನಾನು ಅದನ್ನು ಸುರುಳಿ ಸುತ್ತಿ, ಔರಾದಿನ ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ತಂಗಿಯ ಊರಿಗೆ ಒಯ್ದೆ. "ಏನ್ರಿ ಇದು, ಹೆಣ ಕಟ್ಟಿದಂಗ ಕಟ್ಟೀರಿ?" ಎಂದು ಕಂಡಕ್ಟರ್ ಕೇಳಿದ. ಹೆಣ ಅಲ್ಲ, ಜೀವ ಅದ ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಮುಂದೆ ಹೋದ.

ತಂಗಿಯ ಮನೆಯವರು ಕುರಿ ಸಾಕಿದವರು, ಔರಾದಿನ ಹೊರಗೆ ಒಣಬೇಸಾಯದ ಹೊಲ. ಕುರಿದೊಡ್ಡಿಯ ಪಕ್ಕದ, ಬಿತ್ತದೆ ಪಡ ಬಿದ್ದ ನೆಲದಲ್ಲಿ ಮ್ಯಾಟ್ ಹಾಸಿದೆ. ಆಗ ತಂಗಿಯ ಮಗಳಿಗೆ ಹದಿಮೂರು ವರ್ಷ. ಕಟ್ಟಿಗೆಯ ತುಂಡೊಂದರಲ್ಲಿ ಚೆಂಡು ಬಡಿಯುತ್ತ ಓಡಾಡುತ್ತಿದ್ದವಳು ನನ್ನ ಹಳೆಯ ಬ್ಯಾಟು ಹಿಡಿದಳು. ಆರು ವರ್ಷ, ರವಿವಾರ ಬಂತೆಂದರೆ ನಾನು ಬೀದರಿನಿಂದ ಬಸ್ಸು ಹಿಡಿಯುತ್ತಿದ್ದೆ. ಕಚೇರಿಯಲ್ಲಿ ಕಾರಕೂನನಾಗಿದ್ದಾಗಲೂ, ನಿವೃತ್ತನಾದ ಮೇಲೂ. ಮೊದಲು ಮ್ಯಾಟಿನ ಮೇಲಿನ ಕುರಿ ಹಿಕ್ಕೆ ಗುಡಿಸುವುದು, ಆಮೇಲೆ ಆಟ. ಅವಳಿಗೆ ಮೊದಲು ಕಲಿಸಿದ್ದೇ ಆ ಆರು ಚೆಂಡು. ಅವಸರ ಮಾಡಿದಳೆಂದರೆ ಅಂಗೈ ಅಗಲಿಸಿ ತೋರಿಸುತ್ತಿದ್ದೆ. ನಿಲ್ಲು, ನೋಡು ಎಂದು. ಅದು ನಮ್ಮಿಬ್ಬರ ನಡುವಿನ ಸನ್ನೆ.

"ನಮ್ಮ ಕುರಿ ಸುದ್ದಾ ಇಷ್ಟೊತ್ತು ಸುಮ್ಮ ನಿಲ್ಲಂಗಿಲ್ರಿ," ಎಂದು ಅವಳಪ್ಪ ನಗುತ್ತಿದ್ದ. "ತಾಳಿದವನು ಬಾಳಿಯಾನು" ಎಂದು ನಾನು ಗಾದೆ ಒಗೆಯುತ್ತಿದ್ದೆ. ಅವಳು ಬೆಳೆದಳು. ಏಳನೆಯ ಚೆಂಡಿನಿಂದ ಶುರು ಮಾಡಿದಳೆಂದರೆ ಅವಳನ್ನು ಔಟ್ ಮಾಡಲು ನನ್ನಿಂದಂತೂ ಆಗುತ್ತಿರಲಿಲ್ಲ. ಒಮ್ಮೆ ಊಟದ ಹೊತ್ತಿನಿಂದ ಕುರಿ ಮರಳಿ ಬರುವವರೆಗೆ ಆಡಿದಳು. ಇವಳು ಜಿಲ್ಲೆಗೆ ಆಡಲೇಬೇಕು ಎಂದು ಅವತ್ತೇ ನಿಶ್ಚಯ ಮಾಡಿಕೊಂಡೆ. ಅವಳ ಮನಸ್ಸಿನಲ್ಲೂ ಅದೇ ಇತ್ತು.

ಹೋದ ವರ್ಷ ಹುಡುಗಿಯರ ಜಿಲ್ಲಾ ತಂಡದ ಆಯ್ಕೆ ಎಂದು ಸುದ್ದಿ ಬಂತು. ಅವಳು ಔರಾದಿನಿಂದ ಮೊದಲ ಬಸ್ಸಿಗೆ ಬಂದಳು. ಬೀದರ್ ಬಸ್ ನಿಲ್ದಾಣದ ಎದುರು ಇಬ್ಬರೂ ಚುರುಮುರಿ ಸುಸಲಾ ತಿಂದೆವು. ಅವಳು ಮಿರ್ಚಿ ಮುಟ್ಟಲಿಲ್ಲ. ಮೈದಾನ ತಲುಪಿದರೆ ಐವತ್ತಕ್ಕೂ ಹೆಚ್ಚು ಹುಡುಗಿಯರು. ಕುರ್ಚಿ ಹಾಕಿ ಕುಳಿತ ಮೂವರು ಆಯ್ಕೆಗಾರರಲ್ಲಿ ಒಬ್ಬ ಎದ್ದು ಕೂಗಿದ: "ಬ್ಯಾಟಿಂಗಿಗಿ ಒಬ್ಬೊಬ್ಬರಿಗಿ ಆರಾರು ಬಾಲ್. ಲಗೂ ಲಗೂ ಬರ್ರಿ."

ಆರು ಚೆಂಡು. ಆರೇ ಆರು.

ನಾನು ಹಗ್ಗದ ಹೊರಗೆ ನಿಂತಿದ್ದೆ. ರಕ್ತ ತಲೆಗೇರಿತು. ಹೆಣ್ಣು ನೋಡಲು ಬಂದವರು ಕೂಡ ಉಪ್ಪಿಟ್ಟು ತಿನ್ನುವಷ್ಟು ಹೊತ್ತು ಕೂಡುತ್ತಾರೆ. ಆರು ವರ್ಷದ ಕಲಿಕೆಯನ್ನು ಆರು ಚೆಂಡಿನಲ್ಲಿ ಏನು ನೋಡುತ್ತಾರೆ ಇವರು? ಅವಳ ಸರದಿ ಬಂತು. ಗಾರ್ಡ್ ತೆಗೆದುಕೊಂಡವಳು ಬ್ಯಾಟು ನೆಲಕ್ಕೆ ಒಮ್ಮೆ ಕುಟ್ಟಿ ನನ್ನ ಕಡೆ ನೋಡಿದಳು. ಏನು ಮಾಡಲಿ ಎಂದು ಅವಳ ಕಣ್ಣು ಕೇಳುತ್ತಿತ್ತು. ದೂರದಿಂದಲೂ ನನಗೆ ತಿಳಿಯಿತು.

ನಾನು ಅಂಗೈ ಅಗಲಿಸಿ ತೋರಿಸಿದೆ.

ಹೊಡಿ ಎನ್ನಬಹುದಿತ್ತು. ಒಂದೇ ಶಬ್ದ. ಅನ್ನಲಿಲ್ಲ. ಬ್ಯಾಟಿಂಗ್ ಎಂದರೇನೆಂದು ಈ ಮೂವರೂ ನೋಡಲಿ ಎಂಬ ಹಟ ನನಗೆ. ಅವಳು ತೋರಿಸಿದಳು. ಎರಡು ಚೆಂಡು ಬಿಟ್ಟಳು, ನಾಲ್ಕನ್ನು ಕಾಲ ಬುಡದಲ್ಲೇ ತಡೆದಳು. ಒಂದು ತಪ್ಪಿಲ್ಲ. ಬ್ಯಾಟಿನ ನಡುವಿನಿಂದ ಬಂದ ಸದ್ದು ನನ್ನವರೆಗೂ ಕೇಳುತ್ತಿತ್ತು. ಆರನೆಯದು ಮುಗಿದದ್ದೇ, "ಮುಂದಿನವರು" ಎಂದರು. ಒಬ್ಬ ಆಯ್ಕೆಗಾರ ಆಗಲೇ ಫೋನ್ ನೋಡುತ್ತಿದ್ದ.

ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ನಾನು ಹಗ್ಗ ದಾಟಿ ಹೋದೆ.

"ಆಕಿ ಒಂದ್ ತಪ್ಪು ಮಾಡ್ಯಾಳೇನ್ರಿ? ಒಂದ್ ತಪ್ಪು ತೋರಸ್ರಿ!"

"ತಪ್ಪೂ ಮಾಡಿಲ್ಲ, ಏನೂ ಮಾಡಿಲ್ರಿ. ಇಪ್ಪತ್ತು ಓವರಿನ ಮ್ಯಾಚಿಗಿ ಟೀಮ್ ಕಟ್ಟಲಿಕ್ಕತ್ತೇವಿ. ಆಕಿಗಿ ಹೊಡಿಲಿಕ್ಕ ಬರಂಗಿಲ್ಲ."

"ಇನ್ನೊಂದ್ ಓವರ್ ಹಾಕ್ಸಿ ನೋಡ್ರಿ, ಆಗ ಹೇಳ್ರಿ."

"ಟೈಮ್ ಎಲ್ಲದರಿ?"

ಆಮೇಲೆ ನಾನು ಏನೇನು ಅಂದೆನೋ ಇಲ್ಲಿ ಬರೆಯುವುದು ಬೇಡ. ಇಬ್ಬರು ಬಂದು ನನ್ನ ತೋಳು ಹಿಡಿದು ಹೊರಗೆ ಕರೆತಂದರು. ಅವಳು ಪ್ಯಾಡು ಬಿಚ್ಚಿ, ಚೀಲ ಹೆಗಲಿಗೇರಿಸಿ, ನನ್ನ ಕೂಗಾಟ ಮುಗಿಯಲೆಂದು ಗೇಟಿನ ಹತ್ತಿರ ಕಾಯುತ್ತಿದ್ದಳು.

ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ, ಔರಾದಿನ ಬಸ್ಸಿಗೆ ನಾನೂ ಹತ್ತಿದೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಆಟ ಹಾಳಾಯಿತು, ಆಯ್ಕೆಗಾರರು ಹಾಳಾದರು, ಲೋಕವೇ ಹಾಳಾಯಿತು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ಮೆಲ್ಲಗೆ ಅಂದಳು:

"ಏಳನೇ ಬಾಲ್ ನಾ ಹೊಡಿತಿದ್ದೆ ಮಾಮಾ."

"ಅದನ್ನೇ ನಾ ಅವರಿಗಿ..." ಎಂದು ನಾನು ಮತ್ತೆ ಶುರು ಮಾಡುತ್ತಿದ್ದೆ.

"ನೀವು ಕೈ ಮಾಡದಿದ್ರ ಮದಲ್ನೇದೂ ಹೊಡಿತಿದ್ದೆ," ಎಂದಳು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಾರದು ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ. ಅವಳು ಅತ್ತಿದ್ದರೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಿಲ್ದಾಣದಲ್ಲಿ ಇಳಿದು, "ಉಂಡು ಹೋಗ್ರಿ ಮಾಮಾ" ಎಂದು ಕರೆದಳು. ಹಸಿವಿಲ್ಲವೆಂದು ಹೇಳಿ ಅದೇ ಬಸ್ಸಿಗೆ ಹಿಂದಿರುಗಿದೆ.

ಅದಕ್ಕೇ ಭಾಲ್ಕಿಯ ಗೆಳೆಯನಿಗೆ ಬರುವುದಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟೆ. ಎರಡು ದಿನ ಬಿಟ್ಟು ಅವಳ ಫೋನ್ ಬಂತು. ಆ ಟೂರ್ನಮೆಂಟಿನ ಕಡೆಯ ದಿನ ಬೆಳಿಗ್ಗೆ ಔರಾದಿನ ಮತ್ತು ಭಾಲ್ಕಿಯ ಹುಡುಗಿಯರದೂ ಒಂದು ಪಂದ್ಯವಂತೆ, ಅದೂ ಆರು ಓವರಿನದೇ.

"ಬರ್ತೀರೇನು ಮಾಮಾ?" ಎಂದಳು. ನಾನು ಏನೂ ಹೇಳುವ ಮೊದಲೇ, "ಬಂದ್ರ ಕೈ ಮಾತ್ರ ಮಾಡಬ್ಯಾಡ್ರಿ," ಎಂದಳು.

ಹೋದೆ. ಹಾರ ಬೇಡವೆಂದರೂ ಹಾಕಿದರು. ಗೆಳೆಯ ನನ್ನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿದ. ಎದುರಿಗೆ ಲಾರಿಯಷ್ಟು ದೊಡ್ಡ ಸ್ಪೀಕರ್, ಪ್ರತಿ ಚೆಂಡಿಗೂ ಹಾಡು. ಕಿವಿ ಕಿತ್ತುಹೋಗುವಂತಿತ್ತು. ಮ್ಯಾಟಿಲ್ಲ, ಸಿಮೆಂಟಿಲ್ಲ, ಕರಿ ಮಣ್ಣಿನ ಮೇಲೆ ನೀರು ಚಿಮುಕಿಸಿ ರೋಲರ್ ಎಳೆದಿದ್ದರು. ಬೆಳಗಿನ ನೆಲ, ಇನ್ನೂ ಹಸಿ. ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ.

ಔರಾದಿನವರದು ಎರಡನೆಯ ಬ್ಯಾಟಿಂಗ್. ಅವಳು ಮೊದಲಿಗಳಾಗಿ ಬಂದಳು. ಗಾರ್ಡ್ ತೆಗೆದುಕೊಂಡಳು, ಬ್ಯಾಟು ಕುಟ್ಟಿದಳು, ನನ್ನ ಕಡೆ ನೋಡಲಿಲ್ಲ. ಮೊದಲನೆಯ ಚೆಂಡನ್ನೇ ಎತ್ತಿ ಹಗ್ಗದಾಚೆ ಹಾಕಿದಳು. ಜನ ಎದ್ದು ಕುಣಿದರು, ಸ್ಪೀಕರ್ ಬಡಿದುಕೊಂಡಿತು, ಗೆಳೆಯ ನನ್ನ ಬೆನ್ನಿಗೆ ಗುದ್ದಿದ. ಕಣ್ಣಲ್ಲಿ ನೀರು ಬಂತು. ಆದರೂ ಹೇಳುತ್ತೇನೆ, ಅದು ಬಿಡಬೇಕಾದ ಚೆಂಡು. ಎರಡನೆಯದು ನಾಲ್ಕು ರನ್. ಮೂರನೆಯದು ಕೂತುಬಿಟ್ಟಿತು, ಬ್ಯಾಟಿನ ಕೆಳಗೆ ಹಾದು ಸ್ಟಂಪಿನ ಪಕ್ಕದಲ್ಲೇ ಹೋಯಿತು. ತೊಡೆಯ ಕೆಳಗೆ ನನ್ನ ಅಂಗೈ ತಾನಾಗಿ ಅಗಲವಾಯಿತು. ಹೊರಗೆ ತೆಗೆಯಲಿಲ್ಲ. ನಾಲ್ಕನೆಯದೂ ಅದೇ ಜಾಗದಲ್ಲಿ ಕೂತಿತು. ಬೌಲ್ಡ್.

ಹತ್ತು ರನ್ ಎಂದು ಮೈಕಿನವನು ಹೊಗಳಿದ. ಅವಳ ತಂಡ ಸೋತಿತು. ಮುಗಿಯುತ್ತಲೇ ಅವಳು ಪ್ಯಾಡು ಕಟ್ಟಿಕೊಂಡೇ ಬಂದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತಳು. ಮುಖದಲ್ಲಿ ಬೇಸರವಿರಲಿಲ್ಲ, ಏನೋ ಹೊಳೆದವಳ ಉಮೇದು ಇತ್ತು. ಪಿಚ್ಚಿನ ಕಡೆ ಬ್ಯಾಟು ಚಾಚಿ ತೋರಿಸಿದಳು.

"ಆ ತುದಿಗಿ ಹಸಿ ಅದ್ರಿ, ಬಾಲ್ ಕುಂದ್ರತದ. ಹಿಂದ ಹೋಗಿ ಆಡಬೇಕು. ಈಗ ಪಿಚ್ ತಿಳೀತು ಮಾಮಾ."

ನಾನು ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದೆ, ಜೋಮು ಹಿಡಿದಿದ್ದವು. ಮೈದಾನದಲ್ಲಿ ಆಗಲೇ ಸ್ಟಂಪು ಕಿತ್ತು, ಗಂಡಸರ ಫೈನಲ್‌ಗೆಂದು ಸುಣ್ಣದ ಗೆರೆ ಎಳೆಯುತ್ತಿದ್ದರು. ಅವಳ ಆಟ ಮುಗಿದಿತ್ತು. ಇನ್ನೂ ಬೆಳಗಿನ ಹತ್ತು ಗಂಟೆಯೂ ಆಗಿರಲಿಲ್ಲ.